12ಎಯು7 ಪ್ರೀಆಂಪ್, 10ಕೆ ಇನ್‌ಪುಟ್‌ನ ಪವರ್ ಆಂಪ್: ಬಾಸ್ ಯಾಕೆ ಸೊರಗುತ್ತದೆ?

ಕವಾಟ47

ಒಂದೇ ಹಂತದ ವಾಲ್ವ್ ಲೈನ್ ಪ್ರೀಆಂಪ್. ಚಾನೆಲ್‌ಗೆ ಅರ್ಧ 12ಎಯು7 (ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವಂಥದ್ದು), ಆನೋಡ್ ರೆಸಿಸ್ಟರ್ 47ಕೆ (ಕೆ ಎಂದರೆ ಕಿಲೋಓಮ್), ಕ್ಯಾಥೋಡ್ ರೆಸಿಸ್ಟರ್‌ಗೆ ಅಡ್ಡಲಾಗಿ 100 ಮೈಕ್ರೊಫ್ಯಾರಡ್, ಹೈಟೆನ್ಶನ್ (ವಾಲ್ವ್‌ನ ಡಿಸಿ ಸಪ್ಲೈ) 250 ವೋಲ್ಟ್. ಆನೋಡ್‌ನಲ್ಲಿ ಸುಮಾರು 130 ವೋಲ್ಟ್ ಇದೆ. ಅಲ್ಲಿಂದ 0.22 ಮೈಕ್ರೊಫ್ಯಾರಡ್ 630 ವೋಲ್ಟ್ ಫಿಲ್ಮ್ ಕೆಪಾಸಿಟರ್ ಮೂಲಕ ಔಟ್‌ಪುಟ್ ಸಾಕೆಟ್‌ಗೆ, ಸಾಕೆಟ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್. ವಾಲ್ಯೂಮ್ ಪಾಟ್ ಇನ್‌ಪುಟ್ ಕಡೆ ಇದೆ.

ಪವರ್ ಆಂಪ್ ಎರಡು. ಒಂದು ವಾಲ್ವಿನದು, ಇನ್‌ಪುಟ್ ಇಂಪಿಡೆನ್ಸ್ (ಎಸಿ ಸಿಗ್ನಲ್‌ಗೆ ಒಡ್ಡುವ ತಡೆ) 47ಕೆ. ಇನ್ನೊಂದು ಟ್ರಾನ್ಸಿಸ್ಟರ್‌ನದು, ಕೈಪಿಡಿಯಲ್ಲಿ 10ಕೆ ಎಂದಿದೆ. 5 ಮೀಟರ್ ಕೇಬಲ್ ಅದೇ, ಸ್ಪೀಕರ್ ಅದೇ. ವಾಲ್ವ್ ಆಂಪ್‌ನಲ್ಲಿ ಎಲ್ಲ ಸರಿ. ಟ್ರಾನ್ಸಿಸ್ಟರ್ ಆಂಪ್ ಹಾಕಿದರೆ ಪಾಟ್ ಬಹಳ ಮುಂದೆ ತಿರುಗಿಸಬೇಕು, ಬಾಸ್ ತೆಳ್ಳಗಾಗುತ್ತದೆ. ಸಿಡಿ ಪ್ಲೇಯರನ್ನು ಅದೇ ಟ್ರಾನ್ಸಿಸ್ಟರ್ ಆಂಪ್‌ಗೆ ನೇರವಾಗಿ ಕೊಟ್ಟರೆ ಬಾಸ್ ತುಂಬಿ ಬರುತ್ತದೆ. ಆದ್ದರಿಂದ ಆಂಪ್‌ನ ತಪ್ಪಲ್ಲ.

ಕೇಳಬೇಕಾದದ್ದು ಮೂರು. ಇದು ಇಂಪಿಡೆನ್ಸ್ ಹೊಂದದ ತೊಂದರೆಯೇ? ಹೌದಾದರೆ ಎರಡೂ ಕಡೆ 10ಕೆ ಆಗುವ ಹಾಗೆ ಎಲ್ಲಾದರೂ ರೆಸಿಸ್ಟರ್ ಸೇರಿಸಿ ಸಮ ಮಾಡಬೇಕೇ? ಮುಂದೆ ಬೈ-ಆಂಪ್ ಮಾಡುವ ಯೋಚನೆಯಿದೆ, ಟ್ರಾನ್ಸಿಸ್ಟರ್ ಆಂಪ್ ವೂಫರ್‌ಗೆ, ವಾಲ್ವ್ ಆಂಪ್ ಮೇಲಿನದಕ್ಕೆ. ಎರಡನ್ನೂ ಒಂದೇ ಔಟ್‌ಪುಟ್‌ಗೆ ಸಿಕ್ಕಿಸಬಹುದೇ?

ಬೆಸುಗೆ

ಮೊದಲು ಎರಡನೆಯ ಪ್ರಶ್ನೆ, ಯಾಕೆಂದರೆ ಅಲ್ಲೇ ಹಾನಿಯಾಗುವುದು. ದಯವಿಟ್ಟು ಯಾವ ರೆಸಿಸ್ಟರನ್ನೂ ಸೇರಿಸಬೇಡಿ. "ಮ್ಯಾಚಿಂಗ್" ಎಂಬ ಪದ ಟೆಲಿಫೋನ್ ಲೈನ್‌ಗಳ ಕಾಲದಿಂದ ಬಂದದ್ದು. ಮೈಲಿಗಟ್ಟಲೆ ತಂತಿಯಲ್ಲಿ ಪವರ್ ಸಾಗಿಸಬೇಕಿದ್ದಾಗ ಎರಡೂ ತುದಿ 600 ಓಮ್ ಇಟ್ಟರೆ ಲಾಭವಿತ್ತು. ಪ್ರೀಆಂಪ್‌ನಿಂದ ಪವರ್ ಆಂಪ್‌ಗೆ ಹೋಗಬೇಕಾದದ್ದು ಪವರ್ ಅಲ್ಲ, ವೋಲ್ಟೇಜ್. ಎರಡೂ ಸಮವಾದರೆ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ, ಅಂದರೆ 6 ಡಿಬಿ ನಷ್ಟ. ನಮಗೆ ಬೇಕಿರುವುದು ಕೊಡುವ ಕಡೆ ಆದಷ್ಟು ಕಡಿಮೆ, ತೆಗೆದುಕೊಳ್ಳುವ ಕಡೆ ಆದಷ್ಟು ಹೆಚ್ಚು. ಸ್ಪೀಕರ್ ಕಡೆಯೂ ಹಾಗೇ ತಾನೇ? 8 ಓಮ್ ಸ್ಪೀಕರನ್ನು ನಡೆಸುವ ಟ್ರಾನ್ಸಿಸ್ಟರ್ ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ 0.1 ಓಮ್ ಆಸುಪಾಸು ಇರುತ್ತದೆ, ಅದನ್ನು 8ಕ್ಕೆ ಏರಿಸಲು ಯಾರೂ ಹೋಗುವುದಿಲ್ಲ.

ಈಗ ನಿಮ್ಮ ಪ್ರೀಆಂಪ್. ನಿಮ್ಮ ಕರೆಂಟ್ ಸುಮಾರು 2.5 ಮಿಲಿಆಂಪ್, ಅಲ್ಲಿ 12ಎಯು7ರ ಒಳಗಿನ ಆನೋಡ್ ರೆಸಿಸ್ಟೆನ್ಸ್ 10ಕೆ ಹತ್ತಿರ ಇರುತ್ತದೆ. ಡೇಟಾಶೀಟ್‌ನ 7.7ಕೆ ಇರುವುದು 10.5 ಮಿಲಿಆಂಪ್‌ಗೆ, ಆ ಅಂಕಿ ಇಲ್ಲಿ ನಡೆಯದು. 10ಕೆ ಮತ್ತು 47ಕೆ ಪ್ಯಾರಲಲ್ ಆದರೆ 8.2ಕೆ. ಲೆಕ್ಕಕ್ಕೆ 8ಕೆ ಎಂದಿಟ್ಟುಕೊಳ್ಳೋಣ.

47ಕೆ ಆಂಪ್‌ಗೆ: 47 ÷ 55 = 0.855, ಅಂದರೆ 1.4 ಡಿಬಿ ನಷ್ಟ. ಕಿವಿಗೆ ಗೊತ್ತೇ ಆಗದು.
10ಕೆ ಆಂಪ್‌ಗೆ: 10 ÷ 18 = 0.556, ಅಂದರೆ 5.1 ಡಿಬಿ ನಷ್ಟ. ಪಾಟ್ ಮುಂದೆ ತಿರುಗಿಸಬೇಕಾಗಿರುವುದು ಇದಕ್ಕೇ.

ಆದರೆ ಇದಿಷ್ಟೇ ಆಗಿದ್ದರೆ ಸದ್ದು ಎಲ್ಲ ಕಡೆ ಸಮನಾಗಿ ಇಳಿಯುತ್ತಿತ್ತು, ಬಾಸ್ ಮಾತ್ರ ಹೋಗುತ್ತಿರಲಿಲ್ಲ. ಬಾಸ್ ತಿನ್ನುತ್ತಿರುವುದು ಆ 0.22 ಕೆಪಾಸಿಟರ್. ಅದು ತನ್ನ ಎರಡೂ ಕಡೆಯ ರೆಸಿಸ್ಟೆನ್ಸ್ ಜೊತೆ ಸೇರಿ ಹೈಪಾಸ್ ಫಿಲ್ಟರ್, ಅಂದರೆ ಕೆಳಗಿನ ಆವರ್ತನಗಳನ್ನು ತಡೆಯುವ ಫಿಲ್ಟರ್ ಆಗುತ್ತದೆ. ನೆನಪಿಡಲು ಸುಲಭದ ಸೂತ್ರ: 159ನ್ನು ಕಿಲೋಓಮ್ ಮತ್ತು ಮೈಕ್ರೊಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿದರೆ 3 ಡಿಬಿ ಇಳಿಯುವ ಹರ್ಟ್ಸ್ ಸಿಗುತ್ತದೆ.

47ಕೆ ಆಂಪ್‌ಗೆ 159 ÷ (55 × 0.22) = 13 ಹರ್ಟ್ಸ್. 10ಕೆ ಆಂಪ್‌ಗೆ 159 ÷ (18 × 0.22) = 40 ಹರ್ಟ್ಸ್. ನಾಲ್ಕು ತಂತಿಯ ಬಾಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್. ಅಲ್ಲೇ 3 ಡಿಬಿ ಹೋಯಿತು, 20 ಹರ್ಟ್ಸ್‌ಗೆ ಬಂದರೆ 7 ಡಿಬಿ, 80ರಲ್ಲೂ 1 ಡಿಬಿ. ನಿಮಗೆ ಕೇಳುತ್ತಿರುವ ತೆಳುವು ಇದೇ.

ಎಲ್ಲಕ್ಕಿಂತ ಮುಖ್ಯವಾದ ಮಾತು: "ಇನ್‌ಪುಟ್ ಔಟ್‌ಪುಟ್‌ನ ಹತ್ತು ಪಟ್ಟು ಇರಲಿ" ಎಂಬ ನಿಯಮವನ್ನು ಎಲ್ಲರೂ 1 ಕಿಲೋಹರ್ಟ್ಸ್‌ನ ಅಂಕಿ ಹಿಡಿದು ನೋಡುತ್ತಾರೆ, ಪ್ರೀಆಂಪ್‌ಗಳ ಕೈಪಿಡಿಯಲ್ಲೂ ಅಚ್ಚಾಗುವುದು ಸಾಮಾನ್ಯವಾಗಿ ಅದೇ. ನಿಮ್ಮ 0.22 ಕೆಪಾಸಿಟರ್ 1 ಕಿಲೋಹರ್ಟ್ಸ್‌ನಲ್ಲಿ 720 ಓಮ್, 20 ಹರ್ಟ್ಸ್‌ನಲ್ಲಿ 36ಕೆ. ಅಂದರೆ ಬಾಸ್ ತುದಿಯಲ್ಲಿ ಪವರ್ ಆಂಪ್‌ಗೆ ಕಾಣುವ ನಿಮ್ಮ ಔಟ್‌ಪುಟ್ ಇಂಪಿಡೆನ್ಸ್ 8ಕೆ ಅಲ್ಲ, 37ಕೆ. ಹತ್ತರ ನಿಯಮವನ್ನು 20 ಹರ್ಟ್ಸ್‌ನಲ್ಲಿ ಪರೀಕ್ಷಿಸಿ, ಅಲ್ಲಿ ದಾಟಿದರೆ ಉಳಿದೆಡೆ ತಾನಾಗಿಯೇ ದಾಟುತ್ತದೆ.

ಲೆಕ್ಕ ನಂಬುವ ಮೊದಲು ಅಳೆಯಿರಿ. ಪ್ರೀಆಂಪ್‌ಗೆ 1 ಕಿಲೋಹರ್ಟ್ಸ್ ಸೈನ್ ಕೊಟ್ಟು, ಔಟ್‌ಪುಟ್‌ನಲ್ಲಿ ಏನೂ ಸಿಕ್ಕಿಸದೆ 1 ವೋಲ್ಟ್ ಬರುವಂತೆ ಪಾಟ್ ಇಡಿ. ಆಮೇಲೆ ಸಾಕೆಟ್‌ಗೆ ಅಡ್ಡಲಾಗಿ 10ಕೆ ರೆಸಿಸ್ಟರ್ ಹಾಕಿ ಮತ್ತೆ ಓದಿ. ಔಟ್‌ಪುಟ್ ಇಂಪಿಡೆನ್ಸ್ = 10ಕೆ × (ಖಾಲಿ ವೋಲ್ಟೇಜ್ − ಲೋಡ್ ವೋಲ್ಟೇಜ್) ÷ ಲೋಡ್ ವೋಲ್ಟೇಜ್. ಪಾಟ್ ಮುಟ್ಟದೆ 20 ಹರ್ಟ್ಸ್‌ನಲ್ಲೂ ಎರಡೂ ಓದು ತೆಗೆದುಕೊಳ್ಳಿ. ಅಗ್ಗದ ಮಲ್ಟಿಮೀಟರ್‌ನ ಎಸಿ ರೇಂಜ್ 400 ಹರ್ಟ್ಸ್ ದಾಟಿದರೆ ತಪ್ಪು ಹೇಳುವುದುಂಟು, ಸ್ಕೋಪ್ ಇದ್ದರೆ ಅದನ್ನೇ ಬಳಸಿ.

ಅಲೆರೇಖೆ

ಬೆಸುಗೆ ಅವರ ಲೆಕ್ಕ ಸರಿ. ಹಾಗಾದರೆ ಅತಿ ಕಡಿಮೆ ಕೆಲಸದ ಮದ್ದು ಕೆಪಾಸಿಟರ್ ಬದಲಾಯಿಸುವುದು. 0.22 ತೆಗೆದು 4.7 ಮೈಕ್ರೊಫ್ಯಾರಡ್ 400 ವೋಲ್ಟ್ ಪಾಲಿಪ್ರೊಪಿಲೀನ್ ಹಾಕಿ: 159 ÷ (18 × 4.7) = 1.9 ಹರ್ಟ್ಸ್. ಜಾಗ ಸಾಲದಿದ್ದರೆ 2.2 ಸಾಕು, 4 ಹರ್ಟ್ಸ್ ಬರುತ್ತದೆ. ಎಲೆಕ್ಟ್ರೊಲಿಟಿಕ್ ಮಾತ್ರ ಇಲ್ಲಿ ಬೇಡ. 130 ವೋಲ್ಟ್ ಹೊತ್ತು ನಿಂತಾಗ ಅದರಿಂದ ಸೋರುವ ಕರೆಂಟ್ ಪವರ್ ಆಂಪ್‌ನ ಇನ್‌ಪುಟ್‌ಗೆ ಡಿಸಿಯಾಗಿ ಹೋಗುತ್ತದೆ.

ಕೆಪಾಸಿಟರ್ ದೊಡ್ಡದಾದಷ್ಟೂ ಸ್ವಿಚ್ ಹಾಕಿದಾಗಿನ ಗುದ್ದು ದೊಡ್ಡದು. ಚಾರ್ಜ್ ಆಗುವ ಕರೆಂಟ್ ಎಲ್ಲ ಹಾಯುವುದು ಪವರ್ ಆಂಪ್‌ನ 10ಕೆ ಮೂಲಕವೇ. 0.22ರಲ್ಲಿ ಅದು ಕೆಲವು ಮಿಲಿಸೆಕೆಂಡ್‌ಗಳ ಟಕ್ ಸದ್ದು, 4.7ರಲ್ಲಿ ವೂಫರ್ ಕೋನ್ ಮುಂದಕ್ಕೆ ದೂಡಿ ನಿಲ್ಲುತ್ತದೆ. ಪ್ರೀಆಂಪ್ ಮೊದಲು ಹಾಕಿ, ಒಂದು ನಿಮಿಷ ಬಿಟ್ಟು ಪವರ್ ಆಂಪ್. ಆರಿಸುವಾಗ ಪವರ್ ಆಂಪ್ ಮೊದಲು. ಇದು ಅಭ್ಯಾಸವಾಗದಿದ್ದರೆ ಮ್ಯೂಟ್ ರಿಲೇ ಬೇಕೇ ಬೇಕು.

ಔಟ್‌ಪುಟ್‌ನ 1 ಮೆಗಾಓಮನ್ನು ತೆಗೆಯಬೇಡಿ. ಪವರ್ ಆಂಪ್ ಸಿಕ್ಕಿಸಿಲ್ಲದಾಗ ಕೆಪಾಸಿಟರ್‌ನ ಹೊರ ತುದಿಯನ್ನು ಸೊನ್ನೆ ವೋಲ್ಟ್‌ನಲ್ಲಿ ಹಿಡಿಯುವುದು ಅದೊಂದೇ. 4.7 ಹಾಕಿದರೆ ಅದನ್ನು 220ಕೆ ಮಾಡಿ, ಸುಮಾರು 5 ಸೆಕೆಂಡ್‌ಗಳಲ್ಲಿ ನೆಲೆಗೆ ಬರುತ್ತದೆ.

ತಂತಿಕಟ್ಟು

ಕೆಪಾಸಿಟರ್ ಬದಲಿಸಿದರೆ ಬಾಸ್ ಮರಳುತ್ತದೆ, ಒಪ್ಪುತ್ತೇನೆ. ಆದರೆ ಇಷ್ಟಕ್ಕೇ ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. 5 ಡಿಬಿ ನಷ್ಟ ಹಾಗೇ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ವಾಲ್ವ್‌ನ ಪಾಡು ನೋಡಿ. ಸಿಗ್ನಲ್ ಲೆಕ್ಕದಲ್ಲಿ ಆನೋಡ್‌ಗೆ ಕಾಣುವ ಲೋಡ್ 47ಕೆ ಅಲ್ಲ, 47ಕೆ ಮತ್ತು 10ಕೆ ಪ್ಯಾರಲಲ್, ಅಂದರೆ 8.2ಕೆ. ಗೇನ್ 14ರಿಂದ 7.7ಕ್ಕೆ ಬೀಳುತ್ತದೆ. ಲೋಡ್‌ಲೈನ್ ಕಡಿದಾಗುತ್ತದೆ, ಅಷ್ಟೇ ಔಟ್‌ಪುಟ್‌ಗೆ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಆವರ್ತನದ ವಿಕೃತಿ) ಏರುತ್ತದೆ. 1 ವೋಲ್ಟ್‌ಗೆ ವಾಲ್ವ್ ಕ್ಲಿಪ್ ಆಗುವುದಿಲ್ಲ, 2.5 ಮಿಲಿಆಂಪ್ ಮತ್ತು 8.2ಕೆ ಎಂದರೆ ಇನ್ನೂ 20 ವೋಲ್ಟ್ ಪೀಕ್ ಅವಕಾಶವಿದೆ. ಆದರೂ 12ಎಯು7 ಸುಖವಾಗಿ ಕೆಲಸ ಮಾಡುವುದು ತನ್ನ ಒಳರೆಸಿಸ್ಟೆನ್ಸ್‌ನ ಮೂರು ನಾಲ್ಕು ಪಟ್ಟು ಲೋಡ್ ಇದ್ದಾಗ. ಇಲ್ಲಿ ಒಂದು ಪಟ್ಟೂ ಇಲ್ಲ.

ಇದೇ ಜಾಗದಲ್ಲಿ 12ಎಎಕ್ಸ್7 ಇದ್ದಿದ್ದರೆ ಇನ್ನೂ ಕಷ್ಟ. ಒಳರೆಸಿಸ್ಟೆನ್ಸ್ 62.5ಕೆ, ಆನೋಡ್‌ಗೆ 100ಕೆ ಎಂದರೆ ಔಟ್‌ಪುಟ್ 38ಕೆ. ಆ 10ಕೆ ಮೇಲೆ ಸುಮಾರು 14 ಡಿಬಿ ನಷ್ಟ. ಅಂಥ ಹಂತವನ್ನು ನೇರವಾಗಿ ಹೊರಗೆ ಬಿಡಲೇಬಾರದು.

"ಪವರ್ ಆಂಪ್ ತೆರೆದು ಇನ್‌ಪುಟ್‌ನ 10ಕೆ ಕಿತ್ತು 47ಕೆ ಹಾಕೋಣ" ಎಂಬ ಸಲಹೆ ಯಾವಾಗಲೂ ಬರುತ್ತದೆ. ಹುಷಾರು. ಆ ರೆಸಿಸ್ಟರ್ ಬರೀ ಇಂಪಿಡೆನ್ಸ್‌ಗಾಗಿ ಇಲ್ಲ, ಡಿಫರೆನ್ಶಿಯಲ್ ಜೋಡಿಯ ಒಂದು ಟ್ರಾನ್ಸಿಸ್ಟರ್‌ಗೆ ಬೇಸ್ ಕರೆಂಟ್ ಹರಿಯುವ ದಾರಿಯೂ ಅದೇ. ಇನ್ನೊಂದು ಟ್ರಾನ್ಸಿಸ್ಟರ್‌ಗೆ ಫೀಡ್‌ಬ್ಯಾಕ್ ರೆಸಿಸ್ಟರ್ ದಾರಿ. ಎರಡೂ 10ಕೆ ಇದ್ದರೆ ಎರಡೂ ಕಡೆ ಬೀಳುವ ವೋಲ್ಟೇಜ್ ಸಮನಾಗಿ ರದ್ದಾಗುತ್ತದೆ. ಜೋಡಿಯಲ್ಲಿ ತಲಾ 1 ಮಿಲಿಆಂಪ್, ಗೇನ್ 200 ಎಂದರೆ ಬೇಸ್ ಕರೆಂಟ್ 5 ಮೈಕ್ರೊಆಂಪ್. ಒಂದು ಕಡೆ ಮಾತ್ರ 47ಕೆ ಮಾಡಿದರೆ 37ಕೆ ವ್ಯತ್ಯಾಸದ ಮೇಲೆ 185 ಮಿಲಿವೋಲ್ಟ್. ಅದು ಹಾಗೇ ಸ್ಪೀಕರ್ ಟರ್ಮಿನಲ್‌ಗೆ ಡಿಸಿಯಾಗಿ ಬರುತ್ತದೆ. 50 ಮಿಲಿವೋಲ್ಟ್ ದಾಟಿದರೇ ನನಗೆ ಸಮಾಧಾನವಿಲ್ಲ. ಫೀಡ್‌ಬ್ಯಾಕ್‌ನದನ್ನೂ 47ಕೆ ಮಾಡಿದರೆ ಗೇನ್ ಉಳಿಸಲು ಕೆಳಗಿನ ರೆಸಿಸ್ಟರ್ ಬದಲಾಗಬೇಕು, ನಾಯ್ಸ್ ಏರುತ್ತದೆ, ಸ್ಥಿರತೆ ಮತ್ತೆ ನೋಡಬೇಕು. ಎಫ್‌ಇಟಿ ಇನ್‌ಪುಟ್‌ನ ಆಂಪ್ ಆದರೆ ಮಾತ್ರ ಈ ಗೋಜಿಲ್ಲ.

10ಕೆ ಎಂಬುದು ಆಂಪ್‌ನ ಮುಖದ ಮೇಲಿನ ಲೆವೆಲ್ ಪಾಟ್‌ನಿಂದಲೇ ಬಂದಿದ್ದರೆ, ಅದನ್ನು 50ಕೆ ಲಾಗ್ ಪಾಟ್ ಮಾಡಬಹುದು. ಪಾಟ್ ನಂತರ ಬೇಸ್ ರೆಸಿಸ್ಟರ್ ಬೇರೆ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಆಂಪ್ ಇನ್ವರ್ಟಿಂಗ್ ಜೋಡಣೆಯದಾಗಿದ್ದರೆ ಕತೆ ಇನ್ನೊಂದು. ಅಲ್ಲಿ 10ಕೆ ಎಂಬುದು ಗೇನ್ ನಿಗದಿ ಮಾಡುವ ರೆಸಿಸ್ಟರ್, ನಿಮ್ಮ 8ಕೆ ಅದರ ಜೊತೆ ಸೀರೀಸ್‌ನಲ್ಲಿ ಕೂಡಿಕೊಂಡು ಆಂಪ್‌ನ ಗೇನನ್ನೇ ಇಳಿಸುತ್ತದೆ.

ಕೈಪಿಡಿಯ 10ಕೆ ಯಾವ ಸಾಕೆಟ್‌ನದು ಎಂಬುದನ್ನೂ ನೋಡಿ. ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ 20ಕೆ ಎಂದು ಬರೆದಿದ್ದರೆ ಸಾಮಾನ್ಯವಾಗಿ ಪ್ರತಿ ಕಾಲಿಗೆ 10ಕೆ ಎಂದರ್ಥ. ಆರ್‌ಸಿಎ ಅಡಾಪ್ಟರ್ ಹಾಕಿ ಒಂದು ಕಾಲನ್ನು ಗ್ರೌಂಡ್ ಮಾಡಿದರೆ ಆ 20ಕೆ ಸಿಗುತ್ತದೆಂದು ಲೆಕ್ಕ ಹಾಕಿಕೊಳ್ಳಬೇಡಿ.

ಸರಿಯಾದ ದಾರಿ ಪ್ರೀಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಇಳಿಸುವುದು, ಅಂದರೆ ಬಫರ್ (ವೋಲ್ಟೇಜ್ ಏರಿಸದೆ ಔಟ್‌ಪುಟ್ ಇಂಪಿಡೆನ್ಸ್ ಮಾತ್ರ ಇಳಿಸುವ ಹಂತ). ಮೊದಲು ಬೆಸುಗೆ ಹೇಳಿದ ಅಳತೆ ಮುಗಿಸಿ ಬನ್ನಿ.

ಕವಾಟ47

ಅಳೆದೆ, ಸ್ಕೋಪ್‌ನಲ್ಲಿ. ಖಾಲಿ ಇದ್ದಾಗ ಎರಡೂ ಆವರ್ತನದಲ್ಲಿ 1.00 ವೋಲ್ಟ್.

10ಕೆ ಲೋಡ್: 1 ಕಿಲೋಹರ್ಟ್ಸ್‌ಗೆ 0.55, 20 ಹರ್ಟ್ಸ್‌ಗೆ 0.25.
47ಕೆ ಲೋಡ್: 1 ಕಿಲೋಹರ್ಟ್ಸ್‌ಗೆ 0.85, 20 ಹರ್ಟ್ಸ್‌ಗೆ 0.71.

ಪವರ್ ಆಂಪ್‌ನ ಸರ್ಕ್ಯೂಟ್ ನೋಡಿದೆ, ನಾನ್-ಇನ್ವರ್ಟಿಂಗ್, ಬೈಪೋಲಾರ್ ಡಿಫರೆನ್ಶಿಯಲ್ ಜೋಡಿ, ಇನ್‌ಪುಟ್ ಮತ್ತು ಫೀಡ್‌ಬ್ಯಾಕ್ ಎರಡೂ 10ಕೆ. ಅದನ್ನು ಮುಟ್ಟುವುದಿಲ್ಲ. ಬಫರ್ ಎಂದರೆ ಕ್ಯಾಥೋಡ್ ಫಾಲೋವರ್ (ಕ್ಯಾಥೋಡ್‌ನಿಂದ ಔಟ್‌ಪುಟ್ ತೆಗೆಯುವ ವಾಲ್ವ್ ಬಫರ್) ಒಳ್ಳೆಯದೋ, ಮಾಸ್‌ಫೆಟ್ ಒಳ್ಳೆಯದೋ? ವಾಲ್ವ್‌ಗೆ ಇನ್ನೊಂದು ಸಾಕೆಟ್ ಕೂರಿಸಲು ಛಾಸಿಯಲ್ಲಿ ಜಾಗವಿಲ್ಲ. ಬಫರನ್ನು ಪವರ್ ಆಂಪ್ ಪೆಟ್ಟಿಗೆಯೊಳಗೆ ಇಟ್ಟರೆ ಆಗದೇ?

ತಂತಿಕಟ್ಟು

ಅಂಕಿಗಳು ಲೆಕ್ಕಕ್ಕೆ ತಾಳೆಯಾಗಿವೆ, ಔಟ್‌ಪುಟ್ 8ಕೆ ಎಂಬುದು ಖಚಿತ.

ಬಫರ್ ಇರಬೇಕಾದದ್ದು ಪ್ರೀಆಂಪ್ ಪೆಟ್ಟಿಗೆಯಲ್ಲೇ, ಕೇಬಲ್‌ಗಿಂತ ಮೊದಲು. ಪವರ್ ಆಂಪ್ ಕಡೆ ಇಟ್ಟರೆ ಬಾಸ್ ಸರಿಹೋಗುತ್ತದೆ, ಆದರೆ 5 ಮೀಟರ್ ಕೇಬಲನ್ನು ಆ 8ಕೆಯೇ ಎಳೆಯಬೇಕು. ಸಾಮಾನ್ಯ ಶೀಲ್ಡೆಡ್ ಕೇಬಲ್ ಮೀಟರ್‌ಗೆ 100 ಪಿಕೋಫ್ಯಾರಡ್ ಆಸುಪಾಸು, ಒಟ್ಟು 500. ಕಟ್-ಆಫ್ (3 ಡಿಬಿ ಇಳಿಯುವ ಆವರ್ತನ) 40 ಕಿಲೋಹರ್ಟ್ಸ್‌ಗೆ ಬರುತ್ತದೆ, 20 ಕಿಲೋಹರ್ಟ್ಸ್‌ನಲ್ಲಿ 1 ಡಿಬಿ ನಷ್ಟ. ಜೊತೆಗೆ ಅಷ್ಟುದ್ದದ ಹೈ-ಇಂಪಿಡೆನ್ಸ್ ತಂತಿ ಹಮ್ ಹಿಡಿಯುತ್ತದೆ.

ಜಾಗವಿಲ್ಲದಿದ್ದರೆ ಮಾಸ್‌ಫೆಟ್ ಸೋರ್ಸ್ ಫಾಲೋವರ್. ಚಾನೆಲ್‌ಗೆ ಬೇಕಾದದ್ದು: ಐಆರ್‌ಎಫ್820 ಒಂದು (500 ವೋಲ್ಟ್‌ನದು), 12 ವೋಲ್ಟ್ ಝೀನರ್ ಒಂದು, 470 ಓಮ್ ಕಾಲು ವಾಟ್, 22ಕೆ 5 ವಾಟ್, 4.7 ಮೈಕ್ರೊಫ್ಯಾರಡ್ 400 ವೋಲ್ಟ್ ಫಿಲ್ಮ್, 100 ಓಮ್, 220ಕೆ.

ಆನೋಡ್‌ನಿಂದ ನೇರವಾಗಿ, ಮಧ್ಯೆ ಕೆಪಾಸಿಟರ್ ಇಲ್ಲದೆ, 470 ಓಮ್ ಮೂಲಕ ಗೇಟ್‌ಗೆ. ಈ 470 ಮಾಸ್‌ಫೆಟ್‌ನ ಕಾಲಿಗೆ ಅಂಟಿಕೊಂಡೇ ಇರಲಿ, ಗೇಟ್ ಕಡೆಯ ತಂತಿ 5 ಮಿಲಿಮೀಟರ್ ಮೀರದಿರಲಿ. ದೂರ ಇಟ್ಟರೆ ಮೆಗಾಹರ್ಟ್ಸ್‌ಗಳಲ್ಲಿ ಆಂದೋಲನ ಶುರುವಾಗುತ್ತದೆ. ಅದು ಕಿವಿಗೆ ಕೇಳಿಸದು, ಮಾಸ್‌ಫೆಟ್ ವಿನಾಕಾರಣ ಬಿಸಿಯಾಗಿರುವುದೊಂದೇ ಸುಳಿವು. ಡ್ರೈನ್ ಹೈಟೆನ್ಶನ್‌ಗೆ. ಸೋರ್ಸ್‌ನಿಂದ ಗ್ರೌಂಡ್‌ಗೆ 22ಕೆ. ಝೀನರ್‌ನ ಪಟ್ಟಿ ಇರುವ ತುದಿ ಗೇಟ್‌ಗೆ, ಇನ್ನೊಂದು ಸೋರ್ಸ್‌ಗೆ. ಸೋರ್ಸ್‌ನಿಂದ 4.7, ಅಲ್ಲಿಂದ 100 ಓಮ್, ಅಲ್ಲಿಂದ ಸಾಕೆಟ್. 220ಕೆಯನ್ನು ಕೆಪಾಸಿಟರ್‌ನ ಹೊರ ತುದಿಯಿಂದ ಗ್ರೌಂಡ್‌ಗೆ ಕೊಡಿ.

ವಾಲ್ವ್ ಬಿಸಿಯಾದ ಮೇಲೆ ಸೋರ್ಸ್‌ನಲ್ಲಿ ಸುಮಾರು 127 ವೋಲ್ಟ್, ಕರೆಂಟ್ 5.8 ಮಿಲಿಆಂಪ್, ಮಾಸ್‌ಫೆಟ್‌ನಲ್ಲಿ 0.7 ವಾಟ್, ಪುಟ್ಟ ಹೀಟ್‌ಸಿಂಕ್ ಸಾಕು. ಅದರ ಲೋಹದ ಬೆನ್ನು ಡ್ರೈನ್‌ಗೆ ಸೇರಿದ್ದು, 250 ವೋಲ್ಟ್ ಇರುತ್ತದೆ. ಛಾಸಿಗೆ ಬಿಗಿಯುವುದಾದರೆ ಮೈಕಾ ಮತ್ತು ವಾಷರ್ ಮರೆಯಬಾರದು.

22ಕೆಗೆ 1 ವಾಟ್ ಸಾಕಲ್ಲವೇ ಎಂದು ನಿಮಗೆ ಅನಿಸಬಹುದು, ಚಾಲನೆಯಲ್ಲಿ ಅದು ಸುಡುವುದು 0.73 ವಾಟ್ ಮಾತ್ರ. ಆದರೆ ಸ್ವಿಚ್ ಹಾಕಿದ ಮೊದಲ ಹತ್ತು ಹದಿನೈದು ಸೆಕೆಂಡ್ ವಾಲ್ವ್ ತಣ್ಣಗಿರುತ್ತದೆ, ಕರೆಂಟ್ ಹರಿಯುವುದಿಲ್ಲ, ಆನೋಡ್ ಪೂರ್ತಿ 250ಕ್ಕೆ ಏರಿ ನಿಲ್ಲುತ್ತದೆ. ಮಾಸ್‌ಫೆಟ್‌ಗೆ ಹೀಟರ್ ಇಲ್ಲ, ಅದು ತಕ್ಷಣ ಎದ್ದು ಸೋರ್ಸನ್ನೂ 246ಕ್ಕೆ ಎತ್ತುತ್ತದೆ. ಆಗ 22ಕೆಯಲ್ಲಿ 2.75 ವಾಟ್. 1 ವಾಟಿನದು ಕೆಲವು ವಾರ ತಾಳಿ, ಕಪ್ಪಾಗಿ, ಬೆಲೆ ಬದಲಾಗುತ್ತಾ ಹೋಗುತ್ತದೆ.

ಅದೇ ಕಾರಣಕ್ಕೆ ಔಟ್‌ಪುಟ್ ಕೆಪಾಸಿಟರ್ ಮೊದಲು 246ಕ್ಕೆ ಚಾರ್ಜ್ ಆಗಿ ಆಮೇಲೆ 127ಕ್ಕೆ ಇಳಿಯುತ್ತದೆ, ಪವರ್ ಆಂಪ್‌ಗೆ ಒಂದಲ್ಲ ಎರಡು ಗುದ್ದು, ಒಂದು ಮೇಲೆ ಒಂದು ಕೆಳಗೆ. ಇಲ್ಲಿ ರಿಲೇ ಐಚ್ಛಿಕವಲ್ಲ. 100 ಓಮ್ ಆದ ಮೇಲೆ ಸಾಕೆಟ್‌ನಿಂದ ಗ್ರೌಂಡ್‌ಗೆ ರಿಲೇಯ ನಾರ್ಮಲಿ-ಕ್ಲೋಸ್ಡ್ ಸಂಪರ್ಕ ಕೊಟ್ಟು, 40 ಸೆಕೆಂಡ್ ನಂತರ ಬಿಡಿಸಿಕೊಳ್ಳುವಂತೆ ಟೈಮರ್ ಇಡಿ. ಕರೆಂಟ್ ಹೋದ ಕ್ಷಣ ತಾನೇ ಮುಚ್ಚಿಕೊಳ್ಳುತ್ತದೆ, ಅದು ಈ ಜೋಡಣೆಯ ದೊಡ್ಡ ಗುಣ.

ಇನ್ನೊಂದು ಕಡೆ ಜನ ಎಡವುತ್ತಾರೆ. ಎರಡು ಚಾನೆಲ್‌ಗೆ ಸೇರಿ ಸುಮಾರು 12 ಮಿಲಿಆಂಪ್ ಹೆಚ್ಚುವರಿ ಬೇಕು. ನಿಮ್ಮ ಹೈಟೆನ್ಶನ್ ಫಿಲ್ಟರ್‌ನ ಕೊನೆಯ ರೆಸಿಸ್ಟರ್ 4.7ಕೆ ಎಂದುಕೊಳ್ಳಿ, ಅದರ ಆಚೆಯಿಂದ ಡ್ರೈನ್‌ಗೆ ತೆಗೆದರೆ 55 ವೋಲ್ಟ್ ಕುಸಿಯುತ್ತದೆ, ವಾಲ್ವ್‌ನ ಬಯಾಸ್ ಕೆಡುತ್ತದೆ. ಡ್ರೈನ್‌ಗಳಿಗೆ ಆ ರೆಸಿಸ್ಟರ್‌ಗಿಂತ ಮೊದಲಿನ ಕೆಪಾಸಿಟರ್‌ನಿಂದ ತೆಗೆದುಕೊಳ್ಳಿ. ಫಾಲೋವರ್ ಡ್ರೈನ್‌ನ ಹಮ್ಮನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಆ ಭಾರ ಹೊರುತ್ತದೆಯೇ ಎಂದು ಮೊದಲೇ ನೋಡಿ.

ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳನ್ನು 10ಕೆ 5 ವಾಟ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ 10 ವೋಲ್ಟ್‌ಗಿಂತ ಕೆಳಗೆ ಕಂಡ ಮೇಲಷ್ಟೇ ಮುಟ್ಟಿ. 250 ವೋಲ್ಟ್ ಡಿಸಿ ಜೀವ ತೆಗೆಯುವಂಥದ್ದು.

ಕ್ಯಾಥೋಡ್ ಫಾಲೋವರ್ ಬಗ್ಗೆ ಕೇಳಿದಿರಿ. ಇನ್ನೊಂದು ಅರ್ಧ 12ಎಯು7 ಇದ್ದರೆ 500 ಓಮ್ ಆಸುಪಾಸು ಸಿಗುತ್ತದೆ, 10ಕೆಗೆ ಧಾರಾಳ ಸಾಕು. ಕ್ಯಾಥೋಡ್ ನೂರಕ್ಕೂ ಹೆಚ್ಚು ವೋಲ್ಟ್ ಮೇಲೆ ಕೂರುವುದರಿಂದ ಹೀಟರ್ ಮತ್ತು ಕ್ಯಾಥೋಡ್ ನಡುವಿನ ಮಿತಿ ಗಮನಿಸಬೇಕು, 12ಎಯು7ಗೆ 180ರ ಒಳಗಿಟ್ಟರೆ ನೆಮ್ಮದಿ. ಔಟ್‌ಪುಟ್ ಇಂಪಿಡೆನ್ಸ್ ಕಡಿಮೆ ಎಂದ ಮಾತ್ರಕ್ಕೆ ಏನು ಬೇಕಾದರೂ ಎಳೆಯುತ್ತದೆ ಎಂದಲ್ಲ. 600 ಓಮ್‌ಗೆ 2 ವೋಲ್ಟ್ ಆರ್‌ಎಂಎಸ್ ಕೊಡಲು 4.7 ಮಿಲಿಆಂಪ್ ಪೀಕ್ ಬೇಕು, ನಿಂತ ಕರೆಂಟ್ (ಸಿಗ್ನಲ್ ಇಲ್ಲದಾಗ ಹರಿಯುವುದು) 4 ಮಿಲಿಆಂಪ್ ಇದ್ದರೆ ಕ್ಲಿಪ್ ಆಗುವುದು ಖಂಡಿತ.

ಅಲೆರೇಖೆ

ಹೈಟೆನ್ಶನ್ ಕಡೆ ಹೋಗಲು ಇಷ್ಟವಿಲ್ಲದವರಿಗೆ ಆಪ್‌ಆಂಪ್ ಬಫರ್ ಕೂಡ ಚೊಕ್ಕವಾದ ಪರಿಹಾರ. ಈಗಿರುವ 0.22 ಹಾಗೇ ಇರಲಿ. ಅದರ ನಂತರ ಗ್ರೌಂಡ್‌ಗೆ 1 ಮೆಗಾಓಮ್, ಆಮೇಲೆ 10ಕೆ ಸೀರೀಸ್, ಓಪಿಎ2134ರ ನಾನ್-ಇನ್ವರ್ಟಿಂಗ್ ಕಾಲು, ಔಟ್‌ಪುಟ್‌ನಿಂದ ಇನ್ವರ್ಟಿಂಗ್ ಕಾಲಿಗೆ ನೇರ ತಂತಿ, ಹೊರಕ್ಕೆ 100 ಓಮ್. ಪ್ಲಸ್ ಮೈನಸ್ 15 ವೋಲ್ಟ್, ಪ್ರತಿ ಸಪ್ಲೈ ಕಾಲಿಗೆ ಹತ್ತಿರದಲ್ಲೇ 0.1 ಮೈಕ್ರೊಫ್ಯಾರಡ್. 0.22 ಈಗ 1 ಮೆಗಾಓಮ್ ನೋಡುತ್ತದೆ, ಕಟ್-ಆಫ್ 0.7 ಹರ್ಟ್ಸ್.

ಎನ್‌ಇ5532 ಇಲ್ಲಿ ಬೇಡ. ಅದರ ಬಯಾಸ್ ಕರೆಂಟ್ ಸಾಮಾನ್ಯವಾಗಿ 200 ನ್ಯಾನೊಆಂಪ್, 1 ಮೆಗಾಓಮ್ ಮೇಲೆ 0.2 ವೋಲ್ಟ್ ಆಫ್‌ಸೆಟ್. ಎಫ್‌ಇಟಿ ಇನ್‌ಪುಟ್ ಇರುವುದೇ ಆಗಬೇಕು.

10ಕೆ ಮತ್ತು ಆಪ್‌ಆಂಪ್ ಕಾಲು ಸೇರುವ ಜಾಗದಿಂದ ಎರಡೂ ಸಪ್ಲೈಗೆ ಒಂದೊಂದು 1ಎನ್4148 ಡಯೋಡ್, ಮಾಮೂಲಿ ಸ್ಥಿತಿಯಲ್ಲಿ ಎರಡೂ ಹಿಮ್ಮುಖವಾಗಿರುವಂತೆ. ಸ್ವಿಚ್ ಹಾಕಿದಾಗ ಆನೋಡ್ 250ಕ್ಕೆ ಏರುವ ಏಟು ಕೆಪಾಸಿಟರ್ ಮೂಲಕ ಬರುತ್ತದೆ, ಈ ಡಯೋಡ್‌ಗಳಿಲ್ಲದಿದ್ದರೆ ಆಪ್‌ಆಂಪ್ ಮೊದಲ ದಿನವೇ ಹೋಗಬಹುದು.

ನಾದಸುರುಳಿ

ಇದೇ ವಿಷಯದ್ದೇ ಆದ್ದರಿಂದ ಇಲ್ಲೇ ಕೇಳುತ್ತೇನೆ. ವಾಲ್ವ್ ಹಂತವೇ ಬೇಡವೆಂದು ಬರೀ ಪಾಟ್ ಇರುವ ಪ್ಯಾಸಿವ್ ಪ್ರೀಆಂಪ್ ಬಳಸಿದರೆ ಲೆಕ್ಕ ಹೇಗೆ? 100ಕೆ ಪಾಟ್ ಇದೆ, ಕೇಬಲ್ 5 ಮೀಟರ್, ಪವರ್ ಆಂಪ್ 47ಕೆ.

ಬೆಸುಗೆ

ಪಾಟ್‌ನ ಔಟ್‌ಪುಟ್ ಇಂಪಿಡೆನ್ಸ್ ಗುಂಡಿ ತಿರುಗಿಸಿದಂತೆ ಬದಲಾಗುತ್ತದೆ. ಅತಿ ಹೆಚ್ಚು ಬರುವುದು 6 ಡಿಬಿ ಇಳಿಸಿದ ಜಾಗದಲ್ಲಿ, ಪಾಟ್‌ನ ಬೆಲೆಯ ಕಾಲು ಭಾಗ. 100ಕೆಗೆ 25ಕೆ. 47ಕೆ ಆಂಪ್ ಜೊತೆ ಪ್ಯಾರಲಲ್ ಆದರೆ 16.3ಕೆ, ಅದರ ಮೇಲೆ 500 ಪಿಕೋಫ್ಯಾರಡ್ ಎಂದರೆ ಕಟ್-ಆಫ್ 19.5 ಕಿಲೋಹರ್ಟ್ಸ್. ಮೇಲಿನ ಸ್ವರಗಳ ಹೊಳಪು ಮಾಸುತ್ತದೆ, ಅದೂ ಗುಂಡಿ ಇರುವ ಜಾಗಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಕೆಲವರು ಪ್ಯಾಸಿವ್ ಪ್ರೀಆಂಪನ್ನು "ಮೃದು" ಎನ್ನುವುದಕ್ಕೆ ಬಹುತೇಕ ಇದೇ ಕಾರಣ.

10ಕೆ ಪಾಟ್ ಹಾಕಿದರೆ ಅತಿ ಹೆಚ್ಚು ಎಂದರೆ 2.5ಕೆ, ಕಟ್-ಆಫ್ 130 ಕಿಲೋಹರ್ಟ್ಸ್ ದಾಟುತ್ತದೆ. ಆಗ ಪಾಟ್‌ನ ಹಿಂದಿನ ಉಪಕರಣ 10ಕೆ ಎಳೆಯಬಲ್ಲದೇ ಎಂದು ನೋಡಬೇಕು. ಸಿಡಿ ಪ್ಲೇಯರ್, ಡಿಎಸಿಗಳ ಔಟ್‌ಪುಟ್ ಕೆಲವು ನೂರು ಓಮ್ ಇರುವುದರಿಂದ ತೊಂದರೆಯಿಲ್ಲ. ವಾಲ್ವ್ ಔಟ್‌ಪುಟ್‌ನ ಫೋನೋ ಹಂತವಾದರೆ ಕವಾಟ47 ಅವರಿಗೆ ಬಂದ ತೊಂದರೆಯೇ ನಿಮಗೂ ಬರುತ್ತದೆ. ಕೇಬಲ್ ಅರ್ಧ ಮೀಟರ್‌ಗೆ ಇಳಿಸಲು ಸಾಧ್ಯವಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಕವಾಟ47

ಸೋರ್ಸ್ ಫಾಲೋವರೇ ಮಾಡುತ್ತೇನೆ, ಡ್ರೈನ್‌ಗೆ ಮೊದಲ ಫಿಲ್ಟರ್ ಕೆಪಾಸಿಟರ್‌ನಿಂದ ಬೇರೆ ದಾರಿ. ಬೈ-ಆಂಪ್ ಪ್ರಶ್ನೆ ಉಳಿಯಿತು. ಕಟ್ಟಿದ ಮೇಲೆ ಎಷ್ಟು ಅಂಕಿ ಬಂದರೆ ಸರಿ ಎಂದುಕೊಳ್ಳಬೇಕು ಎಂಬುದೂ.

ತಂತಿಕಟ್ಟು

ಬೈ-ಆಂಪ್‌ಗೆ ಎರಡೂ ಇನ್‌ಪುಟ್ ಪ್ಯಾರಲಲ್: 10ಕೆ ಮತ್ತು 47ಕೆ ಸೇರಿ 8.2ಕೆ. ಈಗಿನ ಸ್ಥಿತಿಯಲ್ಲಿ ಹಾಗೆ ಸಿಕ್ಕಿಸಿದರೆ ವಾಲ್ವ್ ಆಂಪ್‌ನ ಬಾಸ್ ಕೂಡ ಹೋಗುತ್ತದೆ, ಯಾಕೆಂದರೆ ಕೆಪಾಸಿಟರ್ ಇಬ್ಬರಿಗೂ ಒಂದೇ. ಫಾಲೋವರ್ ಬಂದ ಮೇಲೆ ಚಿಂತೆಯಿಲ್ಲ, 4.7 ಮೈಕ್ರೊಫ್ಯಾರಡ್‌ಗೆ 8.2ಕೆ ಎಂದರೆ 4 ಹರ್ಟ್ಸ್. ಎರಡು ಆಂಪ್‌ಗಳ ಗೇನ್ ಒಂದೇ ಇರುವುದಿಲ್ಲ, ಹೆಚ್ಚು ಗೇನ್ ಇರುವುದರ ಇನ್‌ಪುಟ್‌ನಲ್ಲಿ ಲೆವೆಲ್ ಪಾಟ್ ಇಟ್ಟು ಸಮ ಮಾಡಿ. ಯಾವುದಾದರೂ ಒಂದು ಆಂಪ್ ಫೇಸ್ ತಿರುಗಿಸುತ್ತದೆಯೇ ಎಂದು ಸ್ಕೋಪ್‌ನಲ್ಲಿ ನೋಡಿ. ತಿರುಗಿಸಿದರೆ ಅದರ ಸ್ಪೀಕರ್ ತಂತಿ ಅದಲು ಬದಲು ಮಾಡಿ, ಇಲ್ಲದಿದ್ದರೆ ಕ್ರಾಸ್‌ಓವರ್ ಜಾಗದಲ್ಲಿ (ವೂಫರ್ ಮತ್ತು ಮೇಲಿನದು ಸೇರುವ ಆವರ್ತನದಲ್ಲಿ) ಸದ್ದು ತಗ್ಗುತ್ತದೆ.

ಕಟ್ಟಿದ ಮೇಲೆ ಪವರ್ ಆಂಪ್ ಸಿಕ್ಕಿಸುವ ಮೊದಲು ಅದೇ ಅಳತೆ ಮತ್ತೆ ಮಾಡಿ. ಸಾಕೆಟ್‌ನಲ್ಲಿ ಡಿಸಿ ಮೊದಲು: ಒಂದು ನಿಮಿಷದ ನಂತರ ಕೆಲವು ಮಿಲಿವೋಲ್ಟ್ ಒಳಗಿರಬೇಕು. ಆಮೇಲೆ ಖಾಲಿ 1.00 ವೋಲ್ಟ್ ಇಟ್ಟು, 10ಕೆ ಲೋಡ್‌ನಲ್ಲಿ 1 ಕಿಲೋಹರ್ಟ್ಸ್‌ಗೆ 0.98, 20 ಹರ್ಟ್ಸ್‌ಗೆ 0.97 ಬರಬೇಕು. 1 ಕಿಲೋಹರ್ಟ್ಸ್‌ನಲ್ಲೇ 0.9ಕ್ಕಿಂತ ಕೆಳಗಿದ್ದರೆ ಝೀನರ್ ತಿರುವುಮುರುವಾಗಿ ಕೂತಿದೆಯೇ ನೋಡಿ. ಹಾಗಾದರೆ ಗೇಟ್‌ನಿಂದ ಸೋರ್ಸ್‌ಗೆ ಅದು ಡಯೋಡ್‌ನಂತೆ ಹರಿಯುತ್ತದೆ, ಮಾಸ್‌ಫೆಟ್ ಎದ್ದೇ ಇರುವುದಿಲ್ಲ, ಆನೋಡ್ ವೋಲ್ಟೇಜೂ ಕುಸಿದಿರುತ್ತದೆ. 1 ಕಿಲೋಹರ್ಟ್ಸ್ ಸರಿಯಿದ್ದು 20 ಹರ್ಟ್ಸ್‌ನಲ್ಲಿ ಮಾತ್ರ 0.5 ಬಂದರೆ ಕೆಪಾಸಿಟರ್‌ನ ಮೇಲಿನ ಅಂಕಿ ಓದಿ. 475 ಎಂದಿದ್ದರೆ 4.7 ಮೈಕ್ರೊಫ್ಯಾರಡ್. 474 ಎಂದಿದ್ದರೆ ನೀವು ಹಾಕಿರುವುದು 0.47.